ಹೆಡ್ ಮಾಸ್ತರಿಗೆ ಹೇಳಿದರೆ ಶಿಕ್ಷಕಿಯ ಹೊಣೆ ಮುಗಿಯಿತೇ?

ಪ್ರಶ್ನೆ: ನಾನು ಕುಮಟಾ ಕಡೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಹಶಿಕ್ಷಕಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಬಿಸಿಯೂಟ ಮುಗಿದ ಮೇಲೆ ನನ್ನ ಬಳಿ ಬಂದು, ಮಕ್ಕಳನ್ನು ಕರೆತರುವ ಟೆಂಪೋದ ಚಾಲಕ ಕೊನೆಯ ಸ್ಟಾಪಿನವರೆಗೆ ತಾನೊಬ್ಬಳೇ ಉಳಿದಾಗ ಮೈ ಮುಟ್ಟುತ್ತಾನೆ, ರಾತ್ರಿ ಮೊಬೈಲಿಗೆ ಮೆಸೇಜ್ ಹಾಕುತ್ತಾನೆ ಎಂದಳು. ಅದೇ ದಿನ ಹೆಡ್ ಮಾಸ್ತರಿಗೆ ಹೇಳಿದೆ. ‘ಅಂವ ನಮ್ಮ ನೌಕರ ಅಲ್ಲ, ಗುತ್ತಿಗೆಯವ. ಆಡಳಿತ ಮಂಡಳಿ ಸಭೆ ಕರೆದು ವಿಚಾರಿಸೋಣ. ಅಲ್ಲಿವರೆಗೆ ಯಾರಿಗೂ ಹೇಳಬೇಡಿ, ಏನೂ ಬರೆದಿಡಬೇಡಿ’ ಎಂದರು. ನಾಲ್ಕು ದಿನ ಆಯಿತು. ಹುಡುಗಿಯ ಮನೆಯವರಿಗೂ ಪೊಲೀಸ್ ಠಾಣೆ ಬೇಡವಂತೆ. ನನ್ನ ಹೊಣೆ ಮುಗಿಯಿತೇ? ನಾನೇ ದೂರು ಕೊಟ್ಟರೆ ನೌಕರಿಗೆ ತೊಂದರೆ ಆಗುತ್ತದೆಯೇ? ನಾಳೆ ಅದು ಸುಳ್ಳು ಎಂದಾದರೆ?

ಉತ್ತರ: ನಿಮ್ಮ ಹೊಣೆ ಮುಗಿದಿಲ್ಲ. ಹೆಡ್ ಮಾಸ್ತರಿಗೆ ಹೇಳಿದ್ದು ತಪ್ಪಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಅದು ವರದಿ ಮಾಡಿದಂತೆ ಆಗುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ, ಪೋಕ್ಸೋ ಎಂದು ನಾವೆಲ್ಲ ಕರೆಯುವ 2012ರ ಕಾಯ್ದೆಯ 19ನೇ ಕಲಂ ಹೊಣೆಯನ್ನು ‘ಯಾವುದೇ ವ್ಯಕ್ತಿ’ಯ ಮೇಲೆ ಹೊರಿಸುತ್ತದೆ. ಶಿಕ್ಷಕಿ, ಗುಮಾಸ್ತ, ಬಿಸಿಯೂಟದ ಅಡುಗೆಯವರು, ಜವಾನ ಎಲ್ಲರೂ ಅದರೊಳಗೆ ಬಂದರು. 18 ವರ್ಷ ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕ ಇರುವವರು ಕೂಡ, ಸ್ಥಳೀಯ ಪೊಲೀಸರಿಗೆ ಅಥವಾ ಜಿಲ್ಲೆಯ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಮಾಹಿತಿ ಕೊಡಲೇಬೇಕು. ಹುಡುಗಿ ಹೇಳಿದ್ದು ನಿಮಗೆ, ಆದ್ದರಿಂದ ಈ ಹೊಣೆ ನಿಮ್ಮದು. ಅದನ್ನು ಮೇಲಿನವರಿಗೆ ದಾಟಿಸಿ ಕೈ ತೊಳೆದುಕೊಳ್ಳಲು ಕಾಯ್ದೆಯಲ್ಲಿ ದಾರಿ ಇಲ್ಲ. ವರದಿ ಮಾಡದಿದ್ದರೆ 21(1)ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ.

ಹೆಡ್ ಮಾಸ್ತರ ‘ಗುತ್ತಿಗೆಯವ’ ಎಂಬ ಮಾತಿನಲ್ಲಿ ಅರ್ಧ ಲೆಕ್ಕಾಚಾರ ಇದೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ 21(2)ರ ಪ್ರಕಾರ ಶಿಕ್ಷೆ ಒಂದು ವರ್ಷದವರೆಗೆ ಏರುತ್ತದೆ, ದಂಡ ಬೇರೆ. ಟೆಂಪೋದವ ‘ಕೈಕೆಳಗಿನವ’ನೇ ಅಲ್ಲವೇ ಎಂದು ವಕೀಲರು ವಾದಿಸಬಹುದು. ಆ ವಾದದಲ್ಲಿ ಗೆದ್ದರೂ ಹೆಡ್ ಮಾಸ್ತರು 21(1)ರಿಂದ ತಪ್ಪಿಸಿಕೊಳ್ಳಲಾರರು, ಏಕೆಂದರೆ ಅಲ್ಲಿ ಚಾಲಕ ಯಾರ ನೌಕರ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದೂ ಅಲ್ಲದೆ, ಮಕ್ಕಳ ಒಡನಾಟಕ್ಕೆ ಬರುವ ಪ್ರತಿ ಸಿಬ್ಬಂದಿಯ ಹಿನ್ನೆಲೆಯನ್ನು ಕಾಲಕಾಲಕ್ಕೆ ಪೊಲೀಸರಿಂದ ಪರಿಶೀಲಿಸಿಕೊಳ್ಳಬೇಕು ಎಂದು 2020ರ ಪೋಕ್ಸೋ ನಿಯಮಗಳು ಶಾಲೆಗಳಿಗೆ ಹೇಳಿವೆ. ಕಾಯಂ, ಗುತ್ತಿಗೆ ಎಂಬ ಭೇದ ಅಲ್ಲಿಲ್ಲ. ಟೆಂಪೋದವನ ಪರಿಶೀಲನಾ ಪತ್ರ ಶಾಲೆಯ ಕಡತದಲ್ಲಿ ಇಲ್ಲದಿದ್ದರೆ ‘ನಮಗೆ ಸಂಬಂಧವಿಲ್ಲ’ ಎನ್ನುವುದು ಮತ್ತೂ ಕಷ್ಟ.

ಇನ್ನು ‘ಮೊದಲು ನಾವು ವಿಚಾರಿಸೋಣ’ ಎಂಬುದು. ಹತ್ತು ಕಡೆ ಕೇಸು ಹಾಳಾಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಆಡಳಿತ ಮಂಡಳಿಯ ಐದಾರು ಜನ ಕುಳಿತು ಹುಡುಗಿಯನ್ನು ಕರೆಸುತ್ತಾರೆ. ಒಬ್ಬರು ‘ಅಂವ ಹೀಗೆ ಮಾಡಿದ್ನಾ?’ ಎಂದು ಕೇಳುತ್ತಾರೆ, ಮತ್ತೊಬ್ಬರು ‘ನೀ ಮೊದಲೇ ಯಾಕೆ ಹೇಳಲಿಲ್ಲ?’ ಎನ್ನುತ್ತಾರೆ. ಮಗು ಹೆದರಿ ಅರ್ಧ ಒಪ್ಪುತ್ತದೆ, ಅರ್ಧ ನುಂಗುತ್ತದೆ. ಆಮೇಲೆ ಪೊಲೀಸರ ಮುಂದೆ, ಮ್ಯಾಜಿಸ್ಟ್ರೇಟರ ಮುಂದೆ, ವಿಶೇಷ ನ್ಯಾಯಾಲಯದಲ್ಲಿ ಅದೇ ಮಗು ಮಾತಾಡುವಾಗ ಸಭೆಯಲ್ಲಿ ಹೇಳಿದ್ದಕ್ಕೂ ಇದಕ್ಕೂ ಇರುವ ಸಣ್ಣಪುಟ್ಟ ವ್ಯತ್ಯಾಸವನ್ನೇ ಹಿಡಿದು ಆರೋಪಿಯ ವಕೀಲರು ಪಾಟೀಸವಾಲು ನಡೆಸುತ್ತಾರೆ. ಇತ್ತ ಚಾಲಕನಿಗೆ ಸಭೆಯ ಸುದ್ದಿ ಸಂಜೆಗೇ ಮುಟ್ಟುತ್ತದೆ, ಮೆಸೇಜುಗಳು ಅಳಿಸಿಹೋಗುತ್ತವೆ. ಕಡೆಗೆ ‘ನಾಳೆಯಿಂದ ಬರಬೇಡ’ ಎಂದು ಕಳಿಸುತ್ತಾರೆ. ಅಂವ ಪಕ್ಕದ ಊರಿನ ಇನ್ನೊಂದು ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾನೆ. ಶಿಕ್ಷಕರ ವಿಷಯದಲ್ಲಿ ‘ರಾಜೀನಾಮೆ ಬರೆಸಿಕೊಂಡು ಮುಗಿಸಿಬಿಡೋಣ’ ಎಂಬ ಜಾಣತನವೂ ಇದೇ ಜಾತಿಯದು.

ಶಾಲೆ ತನ್ನ ಸಿಬ್ಬಂದಿಯ ಮೇಲೆ ಶಿಸ್ತಿನ ವಿಚಾರಣೆ ನಡೆಸಬಾರದು ಎಂದಲ್ಲ, ನಡೆಸಬೇಕು. ಅದು ನಡತೆಯ ಮೇಲಿನ ಇಲಾಖಾ ವಿಚಾರಣೆ, ಪೊಲೀಸ್ ವರದಿ ಹೋದ ಮೇಲೆ ನಡೆಯಬೇಕಾದದ್ದು. ಅಪರಾಧ ನಡೆದಿದೆಯೇ ಇಲ್ಲವೇ ಎಂದು ತೀರ್ಮಾನಿಸುವ ಅಧಿಕಾರ ಆಡಳಿತ ಮಂಡಳಿಗೂ ಇಲ್ಲ, ನಿಮಗೂ ಇಲ್ಲ.

ಈಗ ನೀವು ಮಾಡಬೇಕಾದದ್ದು. ಮೊದಲು ಬರೆದಿಡಿ. ಹಾಳೆಯ ಮೇಲೆ ಇವತ್ತಿನ ತಾರೀಕನ್ನೇ ಹಾಕಿ, ಹುಡುಗಿ ಹೇಳಿದ ದಿನದ್ದಲ್ಲ. ನಾಲ್ಕು ದಿನದ ನಂತರ ಬರೆದ ಟಿಪ್ಪಣಿಗೆ ಬೆಲೆ ಇದೆ, ಹಿಂದಿನ ತಾರೀಕು ಹಾಕಿ ಬರೆದದ್ದು ಸಿಕ್ಕಿಬಿದ್ದರೆ ನಿಮ್ಮ ಇಡೀ ಸಾಕ್ಷ್ಯಕ್ಕೆ ಬೆಲೆ ಇಲ್ಲ. ಹುಡುಗಿ ಬಂದ ದಿನ, ಹೊತ್ತು, ಜಾಗ, ಅಲ್ಲಿ ಬೇರೆ ಯಾರಿದ್ದರು ಎಂಬುದನ್ನು ಬರೆಯಿರಿ. ಅವಳ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದದೆ, ನಿಮಗೆ ನೆನಪಿರುವಂತೆಯೇ ಬರೆಯಿರಿ. ಟಿಪ್ಪಣಿ ಹೀಗಿದ್ದರೆ ಸಾಕು:

‘ಬುಧವಾರ ಮಧ್ಯಾಹ್ನ ಸುಮಾರು 2.10ಕ್ಕೆ, ಗ್ರಂಥಾಲಯದ ಕೋಣೆಯಲ್ಲಿ, ವಿದ್ಯಾರ್ಥಿನಿ ತಾನಾಗಿಯೇ ಬಂದು ಹೇಳಿದ್ದು: “ಅಕ್ಕೋರೇ, ನಾ ಆ ಟೆಂಪೋದಲ್ಲಿ ಹೋಗುದಿಲ್ಲ. ಎಲ್ಲರೂ ಇಳಿದ್ಮೇಲೆ ಅಂವ ಮುಂದೆ ಬಂದು ಕೂಡು ಅಂತಾ, ಮೈ ಮುಟ್ತಾ.” ನಾನು ಕೇಳಿದ್ದು: “ಆಮೇಲೆ?” ಅವಳು: “ರಾತ್ರಿ ಮೆಸೇಜ್ ಹಾಕ್ತಾ.” ಅವಳು ಅಳುತ್ತಿದ್ದಳು. ಬೇರೆ ಏನನ್ನೂ ನಾನು ಕೇಳಲಿಲ್ಲ.’

ನೀವು ಏನು ಕೇಳಿದಿರಿ ಎಂಬುದೂ ಅದರಲ್ಲಿರಲಿ. ಉತ್ತರವನ್ನು ನೀವೇ ಬಾಯಿಗೆ ತುರುಕಲಿಲ್ಲ ಎಂಬುದಕ್ಕೆ ಅದೇ ಆಧಾರ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮಗುವಿನ ಮನೆಮಾತು ಕೊಂಕಣಿಯೋ, ಭಟ್ಕಳದ ನವಾಯತಿಯೋ, ಘಟ್ಟದ ಮೇಲೆ ಹಳಿಯಾಳದ ಕಡೆ ಮರಾಠಿಯೋ ಆಗಿರುತ್ತದೆ. ಮಗು ಆ ಮಾತಿನಲ್ಲಿ ಹೇಳಿದ್ದರೆ ಅದನ್ನೇ ಕನ್ನಡ ಅಕ್ಷರದಲ್ಲಿ ಬರೆದು, ನಿಮಗೆ ಅರ್ಥವಾದದ್ದನ್ನು ಕೆಳಗೆ ಬೇರೆಯಾಗಿ ಬರೆಯಿರಿ. ಮಗುವಿಗೆ ತಿಳಿಯುವ ಭಾಷೆಯಲ್ಲೇ ಹೇಳಿಕೆ ದಾಖಲಿಸಬೇಕು, ಅಗತ್ಯ ಬಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕು ಎಂದು ಕಾಯ್ದೆ ಪೊಲೀಸರಿಗೇ ಹೇಳಿದೆ. ಠಾಣೆಯಲ್ಲಿ ಅದನ್ನು ನೆನಪಿಸಲು ಸಂಕೋಚ ಬೇಡ.

ಹುಡುಗಿಯನ್ನು ಮತ್ತೆ ಕರೆದು ವಿವರ ಕೇಳಬೇಡಿ. ಅದೇ ಟೆಂಪೋದ ಬೇರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಿಚಾರಿಸಬೇಡಿ. ಚಾಲಕನೊಡನೆ ಮಾತಿಗಿಳಿಯಬೇಡಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಅವಳಿಗೆ ಮಾತು ಕೊಟ್ಟಿದ್ದರೆ, ಸಹಾಯ ಮಾಡಬೇಕಾದವರಿಗೆ ಮಾತ್ರ ಹೇಳುತ್ತೇನೆ ಎಂದು ಇವತ್ತೇ ತಿದ್ದಿಕೊಳ್ಳಿ. ಮೊಬೈಲಿನ ವಿಷಯದಲ್ಲಿ ಪಾಲಕರಿಗೆ ಒಂದೇ ಮಾತು ಹೇಳಿ: ಏನನ್ನೂ ಅಳಿಸಬೇಡಿ, ಫೋನನ್ನು ಹಾಗೇ ಇಟ್ಟು ಪೊಲೀಸರ ಕೈಗೆ ಕೊಡಿ. ಆ ಮೆಸೇಜುಗಳನ್ನು ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ. ಅದರಲ್ಲಿ ಮಗುವಿನ ಅಶ್ಲೀಲ ಚಿತ್ರವೇನಾದರೂ ಇದ್ದರೆ, ಸದುದ್ದೇಶದಿಂದ ಹೆಡ್ ಮಾಸ್ತರಿಗೆ ಫಾರ್ವರ್ಡ್ ಮಾಡಿದವರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತೊಂದರೆಗೆ ಸಿಲುಕುತ್ತಾರೆ. ಗೇಟಿನ ಸಿಸಿ ಕ್ಯಾಮೆರಾದ್ದು ಬೇರೆ ಕತೆ. ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆದುಹೋಗುತ್ತದೆ, ಆ ಮೇಲೆ ಏನು ಮಾಡಿದರೂ ಸಿಗುವ ಭರವಸೆ ಇಲ್ಲ. ‘ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗಿನ ದೃಶ್ಯ ಅಳಿಯದಂತೆ ಕಾಯ್ದಿರಿಸಿ’ ಎಂದು ಮುಖ್ಯೋಪಾಧ್ಯಾಯರಿಗೆ ಪತ್ರ ಕೊಟ್ಟು ಆವಕ ವಹಿಯಲ್ಲಿ ನಂಬರು ಹಾಕಿಸಿಕೊಳ್ಳಿ. ಪತ್ರದಲ್ಲಿ ಮಗುವಿನ ಹೆಸರು ಬೇಡ.

ಬರೆದಾದ ಮೇಲೆ ಠಾಣೆ. ‘24 ಗಂಟೆಯೊಳಗೆ ವರದಿ ಮಾಡಬೇಕು’ ಎಂದು ತರಬೇತಿಗಳಲ್ಲಿ ಹೇಳುವುದುಂಟು. ಆ 24 ಗಂಟೆ ವಾಸ್ತವವಾಗಿ ಪೊಲೀಸರಿಗೆ ಹಾಕಿದ ಗಡುವು: ಮಾಹಿತಿ ಬಂದ 24 ಗಂಟೆಯೊಳಗೆ ಅವರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ನಮಗೆ 19ನೇ ಕಲಂ ಗಂಟೆಯ ಲೆಕ್ಕ ಕೊಟ್ಟಿಲ್ಲ. ಹಾಗೆಂದು ಸಭೆಯ ತಾರೀಕು ಕಾಯಬಹುದು ಎಂದರ್ಥವಲ್ಲ. ತಡವಾದಷ್ಟೂ ‘ಯಾಕೆ ತಡ?’ ಎಂಬ ಪ್ರಶ್ನೆ ನಿಮ್ಮ ತಲೆಗೇ ಬರುತ್ತದೆ. ನಾಲ್ಕು ದಿನ ಹೋಯಿತು, ಐದನೆಯದನ್ನು ಕಳೆಯಬೇಡಿ. ಪತ್ರ ಒಂದು ಪುಟ ಮೀರಬಾರದು. ಠಾಣಾಧಿಕಾರಿಗಳಿಗೆ ಬರೆದು, ವಿಷಯದ ಸಾಲಿನಲ್ಲಿ ‘ಪೋಕ್ಸೋ ಕಾಯ್ದೆ 2012ರ ಕಲಂ 19(1)ರ ಅಡಿ ಮಾಹಿತಿ’ ಎಂದು ಹಾಕಿ. ನೀವು ಯಾರು, ಹುಡುಗಿ ಯಾವಾಗ ಏನು ಹೇಳಿದಳು, ಚಾಲಕನ ಹೆಸರು, ಟೆಂಪೋ ನಂಬರು, ಹೆಡ್ ಮಾಸ್ತರಿಗೆ ಎಂದು ತಿಳಿಸಿದಿರಿ, ಅವರು ಏನೆಂದರು ಎಂಬುದು ಒಡಲಲ್ಲಿ ಬರಲಿ. ‘ಇದರ ಸತ್ಯಾಸತ್ಯತೆಯನ್ನು ನಾನು ವಿಚಾರಿಸಿಲ್ಲ, ಮಗು ಹೇಳಿದ್ದನ್ನು ತಿಳಿಸಿದ್ದೇನೆ’ ಎಂಬ ಒಂದು ಸಾಲು ತಪ್ಪದೇ ಇರಲಿ. ಯಾವ ಕಲಂ ಹತ್ತುತ್ತದೆ ಎಂದು ಊಹಿಸಿ ಬರೆಯುವ ಉಸಾಬರಿ ಬೇಡ, ಅದು ತನಿಖಾಧಿಕಾರಿಯ ಕೆಲಸ.

ಪೊಲೀಸರು ನಿಮ್ಮ ಮಾಹಿತಿಯನ್ನು ಬರೆದುಕೊಂಡು, ನಮೂದಿನ ಸಂಖ್ಯೆ ಕೊಟ್ಟು, ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿಯನ್ನು ಮಾಹಿತಿ ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಪ್ರಕರಣ ನೋಡುವ ಅಧಿಕಾರಿಯ ಹೆಸರು, ಹುದ್ದೆ, ಫೋನು, ಅವರ ಮೇಲಧಿಕಾರಿಯ ವಿವರವನ್ನೂ ತಿಳಿಸಬೇಕು. ಟೆಂಪೋ ಓಡುವ ದಾರಿ ಎರಡು ಠಾಣೆಗಳ ಹದ್ದಿನಲ್ಲಿ ಹಾದು, ‘ಅದು ಗೋಕರ್ಣದ ಹದ್ದು, ಅಲ್ಲಿ ಕೊಡಿ’ ಎಂದು ಯಾರಾದರೂ ಹೇಳಿದರೆ ಎದ್ದು ಬರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ತೆಗೆದುಕೊಳ್ಳಲೇಬೇಕು. ಜೀರೋ ಎಫ್‌ಐಆರ್ ಎಂದು ಜನ ಹೇಳುವುದು ಇದನ್ನೇ. ಆಗಲೂ ತೆಗೆದುಕೊಳ್ಳದಿದ್ದರೆ ಅದೇ ಪತ್ರವನ್ನು ಕಾರವಾರದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಮಗು ಅವತ್ತು ಸಂಜೆ ಅದೇ ಟೆಂಪೋ ಹತ್ತುವ ಅಪಾಯ ಇದ್ದರೆ 112. ಕರೆ ಮಾಡಿದರೂ ಬರೆದ ಪತ್ರ ಬೇಕೇ ಬೇಕು.

ಇಲಾಖೆಗೂ ತಿಳಿಸಬೇಕು, ಆದರೆ ಪೊಲೀಸರಿಗೆ ಕೊಟ್ಟ ಮೇಲೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿರುವುದರಿಂದ ಪತ್ರ ಎಲ್ಲಿಗೆ ಎಂಬ ಗೊಂದಲ ಆಗುವುದುಂಟು. ಕುಮಟಾ ಕಾರವಾರದ ಉಪನಿರ್ದೇಶಕರ ಕೆಳಗೆ ಬರುತ್ತದೆ, ಪತ್ರ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ ಮೂಲಕ ಹೋಗಲಿ. ಅಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಊರು ಬರೆಯಬೇಡಿ. ‘ಪೋಕ್ಸೋ ಅಡಿ ಠಾಣೆಗೆ ಮಾಹಿತಿ ನೀಡಲಾಗಿದೆ’ ಎಂಬುದು, ತಾರೀಕು, ನಮೂದಿನ ಸಂಖ್ಯೆ ಸಾಕು. ಟಪಾಲು ಎಷ್ಟು ಮೇಜು ದಾಟುತ್ತದೆ ಎಂಬುದು ಸರಕಾರಿ ಕಚೇರಿ ಕಂಡವರಿಗೆಲ್ಲ ಗೊತ್ತು.

ಗುರುತು ಹೊರಬೀಳುವುದು ಹೆಚ್ಚಾಗಿ ಸಿಬ್ಬಂದಿ ಕೋಣೆಯಿಂದ ಮತ್ತು ವಾಟ್ಸ್ಆ್ಯಪ್ ಗುಂಪಿನಿಂದ. 23ನೇ ಕಲಂ ಮಾಧ್ಯಮದಲ್ಲಿ ಮಗುವಿನ ಹೆಸರು, ಫೋಟೋ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ ಏನನ್ನೂ ಬಯಲು ಮಾಡುವಂತಿಲ್ಲ ಎನ್ನುತ್ತದೆ. ಶಿಕ್ಷೆ ಆರು ತಿಂಗಳಿಗಿಂತ ಕಡಿಮೆ ಇಲ್ಲದ, ಒಂದು ವರ್ಷದವರೆಗಿನ ಸೆರೆ, ಅಥವಾ ದಂಡ, ಅಥವಾ ಎರಡೂ. ‘ಹೆಸರು ಹೇಳಲಿಲ್ಲವಲ್ಲ’ ಎಂಬುದು ಸಮಜಾಯಿಷಿ ಆಗದು. ನೂರಿಪ್ಪತ್ತು ಮಕ್ಕಳ ಶಾಲೆಯಲ್ಲಿ ‘ಎಂಟನೇ ತರಗತಿಯ, ಕೊನೆಯ ಸ್ಟಾಪಿನ ಹುಡುಗಿ’ ಎಂದರೆ ಊರಿಗೇ ತಿಳಿಯುತ್ತದೆ.

ಪಾಲಕರ ವಿಷಯಕ್ಕೆ ಬರೋಣ. ನಿಮ್ಮ ವರದಿಗೆ ಅವರ ಒಪ್ಪಿಗೆ ಬೇಕಿಲ್ಲ. ಅವರು ಬೇಡವೆಂದರೂ ನಿಮ್ಮ ಹೊಣೆ ತಪ್ಪದು. ಆದರೆ ಅವರಿಗೆ ತಿಳಿಸದೆ ಠಾಣೆಗೆ ಹೋಗುವುದು, ಆರೋಪಿ ಮನೆಯೊಳಗಿನವನೇ ಆಗಿರದಿದ್ದರೆ, ಸರಿಯಲ್ಲ. ಮನೆಗೆ ಹೋಗಿ ತಾಯಿಯ ಜೊತೆ ಕುಳಿತು ಮಾತಾಡಿ. ಅವರ ಹೆದರಿಕೆಯಲ್ಲಿ ಹೆಚ್ಚಿನದು ಗೊತ್ತಿಲ್ಲದ್ದರಿಂದ ಬಂದದ್ದು. ಹುಡುಗಿಯನ್ನು ಠಾಣೆಗೆ ಎಳೆದೊಯ್ಯಬೇಕಿಲ್ಲ: ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಮಹಿಳಾ ಎಸ್‌ಐ ದರ್ಜೆಯವರು, ಸಮವಸ್ತ್ರ ಇಲ್ಲದೆ ಬಂದು ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯಾದರೆ ವೈದ್ಯಕೀಯ ತಪಾಸಣೆ ಮಹಿಳಾ ವೈದ್ಯರಿಂದಲೇ, ಪಾಲಕರ ಎದುರಿನಲ್ಲೇ. ತುರ್ತು ಚಿಕಿತ್ಸೆ ಕೊಡಲು ಆಸ್ಪತ್ರೆಯವರು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಸಾಕ್ಷಿ ಹೇಳುವಾಗ ಅವಳು ಆರೋಪಿಯ ಕಣ್ಣಿಗೆ ಬೀಳದಂತೆ ನ್ಯಾಯಾಲಯ ನೋಡಿಕೊಳ್ಳಬೇಕು. ವಕೀಲರ ಖರ್ಚು ಭರಿಸಲಾಗದಿದ್ದರೆ ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಊರ ಹಿರಿಯರು ಕೂತು ಸ್ಟ್ಯಾಂಪ್ ಪೇಪರಿನ ಮೇಲೆ ರಾಜಿ ಬರೆಸುವ ಯೋಚನೆ ಇದ್ದರೆ ರಾಜಸ್ಥಾನದ ಒಂದು ಪ್ರಕರಣವನ್ನು ಹೇಳಿ. ಅಲ್ಲಿ ಶಿಕ್ಷಕನೊಬ್ಬನ ಮೇಲಿನ ಪೋಕ್ಸೋ ಪ್ರಕರಣವನ್ನು ಹುಡುಗಿಯ ತಂದೆಯ ರಾಜಿಯ ಆಧಾರದ ಮೇಲೆ ಹೈಕೋರ್ಟ್ ರದ್ದು ಮಾಡಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ ಪ್ರಕರಣಕ್ಕೆ ಮರುಜೀವ ಕೊಟ್ಟಿತು. ವರದಿ ಮಾಡದವರ ಬಗ್ಗೆಯೂ ನ್ಯಾಯಾಲಯ ಮೆತ್ತಗಿಲ್ಲ. ಮಹಾರಾಷ್ಟ್ರದ ಹಾಸ್ಟೆಲ್ ಶಾಲೆಯೊಂದರ ಹುಡುಗಿಯರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರು ತಿಳಿದೂ ಸುಮ್ಮನಿದ್ದ ಆರೋಪದ ಪ್ರಕರಣವನ್ನು ಹೈಕೋರ್ಟ್ ಕೈಬಿಟ್ಟಿದ್ದಾಗ, 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಅದನ್ನೂ ಮತ್ತೆ ತೆರೆಸಿತು. ಗೊತ್ತಿದ್ದೂ ವರದಿ ಮಾಡದಿರುವುದು ಗಂಭೀರ ಅಪರಾಧ ಎಂದಿತು. ಈ ಎರಡನ್ನೂ ನಿಮ್ಮ ಹೆಡ್ ಮಾಸ್ತರಿಗೂ ತೋರಿಸಬಹುದು. ಅವರು ಕೆಟ್ಟವರಿರಲಿಕ್ಕಿಲ್ಲ, ನಿವೃತ್ತಿಯ ಹೊತ್ತಿಗೆ ಕೋರ್ಟು ಕಚೇರಿ ಬೇಡ ಎಂಬ ಲೆಕ್ಕವೂ ಇರಬಹುದು. ಆದರೆ ಈ ಲೆಕ್ಕ ಅವರನ್ನೇ ಕೋರ್ಟಿಗೆ ಎಳೆಯುತ್ತದೆ.

ಸುಳ್ಳಾದರೆ? ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಎಂದು 19(7) ಸ್ಪಷ್ಟವಾಗಿ ಹೇಳಿದೆ. 22ನೇ ಕಲಂ ಶಿಕ್ಷಿಸುವುದು ಅವಮಾನಿಸಲು, ಬೆದರಿಸಲು, ಹಣ ಕೀಳಲು ಬೇಕೆಂದೇ ಕೊಟ್ಟ ಸುಳ್ಳು ದೂರನ್ನು. ಆರೋಪ ಸಾಬೀತಾಗದೆ ಹೋಗುವುದಕ್ಕೂ ದೂರು ಸುಳ್ಳಾಗುವುದಕ್ಕೂ ಬಹಳ ಅಂತರವಿದೆ. ಮಗು ಸುಳ್ಳು ಹೇಳಿತು ಎಂದಾದರೂ ಮಗುವಿಗೆ ಶಿಕ್ಷೆ ಇಲ್ಲ. ಚಾಲಕನಿಗೂ ನ್ಯಾಯಯುತ ತನಿಖೆಯ ಹಕ್ಕು ಇದೆ, ಅವನನ್ನು ಹುಡುಗರು ಹಿಡಿದು ಹೊಡೆದರೆ ಅದು ಬೇರೆಯೇ ಅಪರಾಧ, ಮೂಲ ಪ್ರಕರಣಕ್ಕೂ ಪೆಟ್ಟು.

ನೌಕರಿಯ ವಿಷಯ. ನೀವು ಅನುದಾನಿತ ಶಾಲೆಯ ಕಾಯಂ ಶಿಕ್ಷಕಿಯಾದರೆ, ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ಆರೋಪ ತಿಳಿಸಿ, ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಾಗೆ ಮಾಡಿದರೆ ಆದೇಶ ಕೈಗೆ ಬಂದ ಮೂರು ತಿಂಗಳೊಳಗೆ 94ನೇ ಕಲಂ ಅಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಮೂರು ತಿಂಗಳು ನೋಡುತ್ತಿದ್ದಂತೆ ಕಳೆದುಹೋಗುತ್ತದೆ, ‘ಮಾತಾಡಿ ಸರಿಮಾಡೋಣ’ ಎಂಬ ಆಶ್ವಾಸನೆಗೆ ಕಾದು ಗಡುವು ಕಳೆದುಕೊಳ್ಳಬೇಡಿ. ಅತಿಥಿ ಶಿಕ್ಷಕಿಯರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಅವರು ವರದಿ ಕೊಟ್ಟ ದಿನವೇ ಕ್ಷೇತ್ರ ಶಿಕ್ಷಣಾಧಿಕಾರಿಗೆ ಪ್ರತಿ ಮುಟ್ಟಿಸಿ ಸ್ವೀಕೃತಿ ಪಡೆದಿರಬೇಕು. ಮುಂದೆ ಕೆಲಸ ತಪ್ಪಿದರೆ ಯಾವುದರ ಹಿಂದೆ ಯಾವುದು ನಡೆಯಿತು ಎಂದು ತೋರಿಸಲು ಅದೊಂದೇ ಕಾಗದ ಉಳಿದಿರುತ್ತದೆ. ಮಂಡಳಿ ನಿಮಗೆ ನೋಟಿಸು ಕೊಟ್ಟರೆ ಬಾಯಿಮಾತಿನ ಉತ್ತರ ಬೇಡ. ‘ಕಾನೂನು ಹೊರಿಸಿದ ಕರ್ತವ್ಯ ಮಾಡಿದ್ದೇನೆ, ಪ್ರಕರಣ ತನಿಖೆಯಲ್ಲಿರುವುದರಿಂದ ವಿವರ ಹೇಳಲಾರೆ’ ಎಂದು ಎರಡು ಸಾಲು ಬರೆದು ಕೊಡಿ.

ನಿಮ್ಮ ಟಿಪ್ಪಣಿಯ ಮೂಲ ಪ್ರತಿಯನ್ನು ತನಿಖಾಧಿಕಾರಿ ಕೇಳಿದಾಗ ಕೊಟ್ಟು, ಜೆರಾಕ್ಸ್ ಇಟ್ಟುಕೊಂಡು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಮುಂದೆ ಸಾಕ್ಷಿ ಸಮನ್ಸ್ ಬರುತ್ತದೆ. ಹೇಳಬೇಕಾದದ್ದು ಹುಡುಗಿ ನಿಮಗೆ ಹೇಳಿದ್ದನ್ನು ಮತ್ತು ನೀವು ಮಾಡಿದ್ದನ್ನು ಮಾತ್ರ.

ಅಷ್ಟರಲ್ಲಿ ಹುಡುಗಿ ಶಾಲೆಗೆ ಬರುವುದು ನಿಲ್ಲಬಾರದು. ಟೆಂಪೋ ಬಿಡಿಸಿ ಅವಳನ್ನು ಮನೆಯಲ್ಲಿ ಕೂರಿಸಿದರೆ ಶಿಕ್ಷೆ ಅನುಭವಿಸಿದ್ದು ಅವಳೇ ಎಂದಾಗುತ್ತದೆ. ಚಾಲಕನ ಟ್ರಿಪ್ ಮೊದಲು ನಿಲ್ಲಿಸಿ ಎಂದು ಆಡಳಿತ ಮಂಡಳಿಗೆ ಬರೆಯಿರಿ. ಆ ದಾರಿಯಲ್ಲಿ ಸಾರಿಗೆ ಸಂಸ್ಥೆಯ ಬಸ್ಸಿನ ಹೊತ್ತು ಹೊಂದುತ್ತದೆಯೇ, ಅದೇ ಊರಿನ ಯಾವ ಮಕ್ಕಳ ಜೊತೆ ಅವಳು ಬರಬಹುದು ಎಂದು ತಾಯಿಯೊಡನೆ ಕೂತು ನೋಡಿ. ಪಾಲಕರು ತಾವಾಗಿಯೇ ವರ್ಗಾವಣೆ ಪತ್ರ ಕೇಳಿದರೆ ತಡೆಹಿಡಿಯುವಂತಿಲ್ಲ, ಎಂಟನೇ ತರಗತಿಯವರೆಗೆ ತಕ್ಷಣ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಇದೆ. ಅದರ ಕಾರಣದ ಕಾಲಮ್ಮಿನಲ್ಲಿ ‘ಪಾಲಕರ ಕೋರಿಕೆ’ ಎಂದಷ್ಟೇ ಬರೆಯುವಂತೆ ಗುಮಾಸ್ತರಿಗೆ ಹೇಳಿ, ಬೇರೆ ಒಂದಕ್ಷರವೂ ಬೇಡ.